ಎತ್ತಿನಹೊಳೆಯ 24 ಟಿಎಂಸಿ: ಲೆಕ್ಕ ಎಲ್ಲಿಂದ ಬಂತು, ಜಗಳ ಎಲ್ಲಿಂದ ಬಂತು

ಎತ್ತಿನಹೊಳೆಯನ್ನು ಕಣ್ಣಾರೆ ಕಂಡವರು ನಮ್ಮ ಕಡೆ ಕಡಿಮೆ. ಆದರೆ ಆ ಹೆಸರು ಕೇಳದವರು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಸಿಗಲಿಕ್ಕಿಲ್ಲ. ಹೊಳೆ ಇನ್ನೂ ಇಲ್ಲಿಗೆ ತಲುಪದಿದ್ದರೂ ಚುನಾವಣಾ ಭಾಷಣಗಳಲ್ಲಿ ವರ್ಷಗಳಿಂದ ಧಾರಾಳವಾಗಿ ಹರಿದಿದೆ. 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಸಕಲೇಶಪುರ ತಾಲ್ಲೂಕಿನಲ್ಲಿ ಈ ಹೊಳೆಯ ನೀರನ್ನು ಬಯಲುಸೀಮೆಗೆ ತರುವ ಯೋಜನೆಯ ಮೊದಲ ಹಂತಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಚಾಲನೆ ಕೊಟ್ಟರು. ಅಲ್ಲಿಯವರೆಗೆ ‘ನೀರು ಬರುವುದು ಹೌದೇ’ ಎನ್ನುತ್ತಿದ್ದವರು ಅಂದಿನಿಂದ ‘ಯಾವಾಗ, ಎಷ್ಟು’ ಎಂದು ಕೇಳತೊಡಗಿದರು.

ಅದರ ಬೆನ್ನಿಗೇ ಬೇರೆ ಮಾತುಗಳೂ ಕಿವಿಗೆ ಬೀಳುತ್ತವೆ. ಕರಾವಳಿಯವರ ವಿರೋಧ, ಸಕಲೇಶಪುರದ ಆನೆಗಳು, ಅರಣ್ಯ ಇಲಾಖೆಯ ಅನುಮತಿ, ಪಶ್ಚಿಮ ಘಟ್ಟದ ವರದಿಗಳು, ಹವಾಮಾನ ಬದಲಾವಣೆ. ಇವೆಲ್ಲ ಒಂದಕ್ಕೊಂದು ಸುತ್ತಿಕೊಂಡಿರುವುದರಿಂದ ಯಾರು ಯಾವುದರ ಬಗ್ಗೆ ಮಾತನಾಡುತ್ತಿದ್ದಾರೆ ಎಂಬುದೇ ತಿಳಿಯದಂತಾಗಿದೆ. ಒಂದೊಂದೇ ಎಳೆಯನ್ನು ಬಿಡಿಸಿ ನೋಡೋಣ.

ಬಯಲುಸೀಮೆಯಲ್ಲಿ ನೀರು ಹೋದದ್ದೆಲ್ಲಿಗೆ

ನಮ್ಮ ಭಾಗಕ್ಕೆ ವರ್ಷಕ್ಕೆ ಸರಾಸರಿ 700 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಮರುಭೂಮಿಯ ಮಳೆಯೇನಲ್ಲ ಇದು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ಹುಟ್ಟುವುದೂ ನಂದಿ ಬೆಟ್ಟದ ಸುತ್ತಲಿನ ಸೀಮೆಯಲ್ಲೇ. ತೊಂದರೆ ಇರುವುದೂ ಅಲ್ಲೇ: ನದಿಗಳು ಇಲ್ಲಿ ಹುಟ್ಟುತ್ತವೆ, ಇಲ್ಲಿ ಬೆಳೆಯುವುದಿಲ್ಲ. ಮಳೆಗಾಲದಲ್ಲಿ ನಾಲ್ಕು ದಿನ ಹಳ್ಳವಾಗಿ ಹರಿದು ಆಂಧ್ರಕ್ಕೋ ತಮಿಳುನಾಡಿಗೋ ದಾಟಿಬಿಡುತ್ತವೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನಾಡಿನಲ್ಲಿ ಹಿಂದಿನವರು ಕಂಡುಕೊಂಡ ದಾರಿ ಕೆರೆ. ಅವಿಭಜಿತ ಕೋಲಾರ ಜಿಲ್ಲೆಯೊಂದರಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಸರಪಳಿಯಾಗಿ ಕಟ್ಟಿದ ವ್ಯವಸ್ಥೆ. ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ನೀರಗಂಟಿ ಎಂಬ ಒಬ್ಬ ಮನುಷ್ಯನೇ ಇದ್ದ.

ಕೆರೆ ಏಕೆ ಸೋತಿತು ಎಂಬುದು ಉದ್ದದ ಕಥೆ. ಹೂಳು ತುಂಬಿತು, ರಾಜಕಾಲುವೆಗಳು ಒತ್ತುವರಿಯಾದವು, ಜಲಾನಯನದಲ್ಲಿ ನೀಲಗಿರಿ ತೋಪುಗಳು ಎದ್ದವು (ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಆ ಹೊತ್ತಿಗೆ ಆಗಬೇಕಾದದ್ದು ಆಗಿತ್ತು). ಎಲ್ಲಕ್ಕಿಂತ ದೊಡ್ಡ ಕಾರಣ ಕೊಳವೆಬಾವಿ. ಹೊಲದಲ್ಲೇ ನೀರು ಸಿಗುವಾಗ ಊರ ಕೆರೆಯ ಹೂಳು ತೆಗೆಯಲು ಯಾರು ಬಂದಾರು?

ಕೊಳವೆಬಾವಿ ಕೊರೆಯುವುದನ್ನು ಹತ್ತಿರ ನಿಂತು ನೋಡಿದವರಿಗೆ ಇಲ್ಲಿನ ಭೂಮಿ ಹೇಗಿದೆ ಎಂಬುದು ಪಾಠವಿಲ್ಲದೆ ಗೊತ್ತಾಗುತ್ತದೆ. ಮೊದಲು ಕೆಂಪು ಮಣ್ಣು ಹಾರುತ್ತದೆ. ಆಮೇಲೆ ಹಳದಿ ಬೆರೆತ ಮೆತ್ತನೆಯ ಕಲ್ಲು ಮಣ್ಣು. ಅಲ್ಲಿಯವರೆಗೆ ಕೇಸಿಂಗ್ ಪೈಪು ಇಳಿಸುತ್ತಾರೆ. ಅದರ ಕೆಳಗೆ ಬೂದು ಬಣ್ಣದ ಪುಡಿ ಮಾತ್ರ, ಸುತ್ತಲಿನ ಗಿಡಗಳ ಮೇಲೆಲ್ಲ ಹಿಟ್ಟು ಚೆಲ್ಲಿದಂತೆ. ಅದು ಗಟ್ಟಿ ಬಂಡೆ. ಮೇಲಿನ ಮೆತ್ತನೆಯ ಪದರ ಮಳೆ ನೀರನ್ನು ಹೀರಿ ಹಿಡಿದಿಡುತ್ತದೆ. ಹಳೆಯ ತೆರೆದ ಬಾವಿಗಳು ಬದುಕಿದ್ದು ಅದರಿಂದಲೇ. ಕೆಳಗಿನ ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕುಗಳು ವಿರಳ, ಅವುಗಳಿಗೆ ಮಳೆ ನೀರು ತಲುಪಲು ಹಿಡಿಯುವ ಕಾಲವೂ ದೀರ್ಘ. ಸಾವಿರದೈನೂರು ಅಡಿಯಿಂದ ಮೇಲೆತ್ತುವ ನೀರು ನಿನ್ನೆ ಮೊನ್ನೆಯ ಮಳೆಯದಲ್ಲ. ಕಲ್ಲಿನ ಜೊತೆ ಹೆಚ್ಚು ಕಾಲ ಕಳೆದ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಮೂಳೆ, ಕೀಲುಗಳು ಬಿಗಿಯುತ್ತವೆ.

ಸರ್ಕಾರಿ ಕಾಗದಗಳಲ್ಲಿ ಅತಿಬಳಕೆ ಎಂಬ ಪದ ಕಾಣುತ್ತದೆ. ಒಂದು ತಾಲ್ಲೂಕಿನ ನೆಲಕ್ಕೆ ವರ್ಷದಲ್ಲಿ ಇಂಗುವ, ಬಳಸಬಹುದಾದ ನೀರು ನೂರು ಪಾಲು ಎಂದಿಟ್ಟುಕೊಂಡರೆ, ಮೇಲೆತ್ತುವುದು ಅದನ್ನೂ ಮೀರಿದಾಗ ಆ ತಾಲ್ಲೂಕನ್ನು ಈ ಪಟ್ಟಿಗೆ ಸೇರಿಸುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಈ ಪಟ್ಟಿಯಲ್ಲಿ ಬಹುಕಾಲದಿಂದ ಇವೆ. ಇಂಥ ಕಡೆ ಹೊಸ ಕೊಳವೆಬಾವಿಗೆ ಅನುಮತಿ ಬೇಕು ಎನ್ನುವ ಅಂತರ್ಜಲ ಕಾಯ್ದೆ ರಾಜ್ಯದಲ್ಲಿ 2011ರಲ್ಲೇ ಬಂದಿದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ತೂ ಇದೆ. ಎರಡನ್ನೂ ಒಟ್ಟಿಗೆ ಇಟ್ಟು ಮಾತನಾಡುವ ರಾಜಕಾರಣಿಯನ್ನು ನಾನಂತೂ ಕಂಡಿಲ್ಲ.

ಯೋಜನೆಯಲ್ಲಿ ಇರುವುದೇನು

ಪಶ್ಚಿಮಕ್ಕೆ ಹರಿಯುವ ನದಿಗಳ ನೀರನ್ನು ಬಯಲುಸೀಮೆಗೆ ತಿರುಗಿಸುವ ಆಲೋಚನೆ ಹಳೆಯದು. ನಿವೃತ್ತ ಎಂಜಿನಿಯರ್ ಜಿ.ಎಸ್. ಪರಮಶಿವಯ್ಯ ಅವರ ವರದಿ ಇದಕ್ಕೊಂದು ರೂಪ ಕೊಟ್ಟಿತು. ಶಾಶ್ವತ ನೀರಾವರಿ ಹೋರಾಟದ ಬ್ಯಾನರುಗಳಲ್ಲಿ ಇಂದಿಗೂ ಅವರ ಹೆಸರು ಕಾಣುತ್ತದೆ. ಈಗ ಜಾರಿಯಲ್ಲಿರುವುದು ಅದರ ಕಿರಿದಾದ, ಬದಲಾದ ರೂಪ.

ಸಕಲೇಶಪುರ ತಾಲ್ಲೂಕಿನ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಅಡ್ಡಲಾಗಿ ಎಂಟು ಕಡೆ ತಡೆ ಅಣೆಗಳನ್ನು, ಎಂಜಿನಿಯರುಗಳು ವಿಯರ್ ಎನ್ನುವ ತಗ್ಗು ಗೋಡೆಗಳನ್ನು, ಕಟ್ಟಲಾಗಿದೆ. ಅಲ್ಲಿ ನಿಂತ ನೀರನ್ನು ಪಂಪ್ ಮಾಡಿ ಘಟ್ಟದ ದಿಬ್ಬ ಹತ್ತಿಸುತ್ತಾರೆ. ಆಮೇಲೆ ಸುಮಾರು 250 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಅದು ತನ್ನ ಪಾಡಿಗೆ ಪೂರ್ವಕ್ಕೆ ಇಳಿದು ಬರಬೇಕು. ಪಂಪ್ ನಡೆಯುವುದು ಮಳೆಗಾಲದಲ್ಲಿ ಮಾತ್ರ: ಜೂನ್ 15ರಿಂದ ಅಕ್ಟೋಬರ್ 31ರವರೆಗೆ, ಅಂದರೆ 139 ದಿನ.

ಹೀಗೆ ವರ್ಷಕ್ಕೆ ಎತ್ತಬೇಕಾದದ್ದು ಒಟ್ಟು 24.01 ಟಿಎಂಸಿ (ಈ ಅಳತೆ ಎಷ್ಟೆಂಬುದು ಮುಂದೆ ಬರುತ್ತದೆ). ಅದರಲ್ಲಿ 14.056 ಟಿಎಂಸಿ ಏಳು ಜಿಲ್ಲೆಗಳ 29 ತಾಲ್ಲೂಕುಗಳಿಗೆ ಕುಡಿಯುವ ನೀರು. ಉಳಿದ 9.953 ಟಿಎಂಸಿ 527 ಕೆರೆಗಳನ್ನು ಅವುಗಳ ಅರ್ಧ ಸಾಮರ್ಥ್ಯದಷ್ಟು ತುಂಬಿಸಲು. ವೆಚ್ಚ 2012ರಲ್ಲಿ 8,323 ಕೋಟಿ ರೂಪಾಯಿ ಎಂದಿತ್ತು. 2014ರಲ್ಲಿ 12,912 ಕೋಟಿಗೆ ಏರಿತು. 2023ರಲ್ಲಿ 23,251 ಕೋಟಿಯಾಯಿತು. ಕೆಲಸ ನಡೆಸುತ್ತಿರುವುದು ವಿಶ್ವೇಶ್ವರಯ್ಯ ಜಲ ನಿಗಮ.

2024ರಲ್ಲಿ ಮೊದಲ ಬಾರಿ ಎತ್ತಿದ ನೀರು ನಮ್ಮ ಕಡೆ ಬರಲಿಲ್ಲ. ಮುಂದಿನ ಕಾಲುವೆ ಪೂರ್ತಿಯಾಗಿರಲಿಲ್ಲವಾದ್ದರಿಂದ ಅದನ್ನು ವೇದಾವತಿ ಕಣಿವೆಯ ಮೂಲಕ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರದತ್ತ ಬಿಟ್ಟರು.

ತಾರಸಿಯ ಲೆಕ್ಕ

ಇಡೀ ವಿವಾದದ ನಟ್ಟನಡುವೆ ಇರುವುದು ಒಂದು ಸಂಖ್ಯೆ, 24.01. ಅದನ್ನು ಅರ್ಥ ಮಾಡಿಕೊಳ್ಳದೆ ಆನೆಯ ಮಾತಿಗೂ ಹೋಗಬಾರದು, ಕರಾವಳಿಯ ಮಾತಿಗೂ ಹೋಗಬಾರದು ಎಂಬುದು ನನ್ನ ಅಭಿಪ್ರಾಯ.

ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ ಹೇಳಿದರೆ ಸುಮಾರು 2,832 ಕೋಟಿ. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ಐದು ಸಾವಿರ ಲೀಟರಿನ ಟ್ಯಾಂಕರ್ 56 ಲಕ್ಷ ಸಲ ಬಂದು ಹೋದರೆ ಒಂದು ಟಿಎಂಸಿ.

ಈಗ ಮನೆಯ ತಾರಸಿಯನ್ನು ನೆನೆದುಕೊಳ್ಳಿ. ಸಾವಿರ ಚದರ ಅಡಿ ತಾರಸಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಒಂದು ಹನಿಯೂ ಪೋಲಾಗದಿದ್ದರೂ ಸಿಗುವುದು ಸುಮಾರು 2,360 ಲೀಟರ್. ಕೆಳಗೆ ಹತ್ತು ಸಾವಿರ ಲೀಟರಿನ ಸಂಪು ಕಟ್ಟಿಸಿದ್ದೀರಿ, ದಪ್ಪ ಪೈಪು ಹಾಕಿಸಿದ್ದೀರಿ ಎಂದು ನೀರು ಹೆಚ್ಚಾಗುವುದಿಲ್ಲ. ತಾರಸಿಯ ಅಳತೆ ಮತ್ತು ಬಿದ್ದ ಮಳೆ, ಇವೆರಡೇ ಮಿತಿ. ಹೊಳೆಗೆ ನೀರು ಕೊಡುವ ಗುಡ್ಡ, ಕಾಡು, ಕಣಿವೆಗಳೆಲ್ಲ ಸೇರಿದ ನೆಲವೇ ಆ ಹೊಳೆಯ ತಾರಸಿ. ಅದಕ್ಕೆ ಜಲಾನಯನ ಪ್ರದೇಶ ಎನ್ನುತ್ತಾರೆ.

ಎಂಟು ಅಣೆಗಳ ಮೇಲಿನ ಜಲಾನಯನ ಸುಮಾರು 180 ಚದರ ಕಿಲೋಮೀಟರ್. ಅಷ್ಟು ನೆಲದಿಂದ 24.01 ಟಿಎಂಸಿ ಸಿಗಬೇಕಾದರೆ ಆ ನೆಲದ ಮೇಲೆಲ್ಲ 3.8 ಮೀಟರ್, ಅಂದರೆ 3,800 ಮಿಲಿಮೀಟರ್ ಎತ್ತರಕ್ಕೆ ನಿಲ್ಲುವಷ್ಟು ನೀರು ಹರಿದು ಹೊಳೆ ಸೇರಬೇಕು. ಅಲ್ಲಿ ಬೀಳುವ ಮಳೆ ಜಾಗದಿಂದ ಜಾಗಕ್ಕೆ, ವರ್ಷದಿಂದ ವರ್ಷಕ್ಕೆ 3,000ದಿಂದ 5,000 ಮಿಲಿಮೀಟರ್ ನಡುವೆ ತೂಗುತ್ತದೆ. ಬಿದ್ದದ್ದೆಲ್ಲ ಹರಿಯುವುದಿಲ್ಲ, ಒಂದಷ್ಟು ಆವಿಯಾಗುತ್ತದೆ, ಒಂದಷ್ಟನ್ನು ಮರಗಿಡ ಕುಡಿಯುತ್ತವೆ, ಇನ್ನೊಂದಷ್ಟು ಇಂಗಿ ನಿಧಾನವಾಗಿ ಒಸರುತ್ತದೆ. 5,000 ಮಿಲಿಮೀಟರ್ ಮಳೆಯಾದ ವರ್ಷ ಅದರ ಮುಕ್ಕಾಲು ಪಾಲು ಹಿಡಿದರೆ ಲೆಕ್ಕ ಕೂಡುತ್ತದೆ. 4,000 ಆದ ವರ್ಷ ನೂರಕ್ಕೆ 94 ಪಾಲು ಹಿಡಿಯಬೇಕು. 3,000 ಆದರೆ ಕೂಡುವುದೇ ಇಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಈ ಜಲಾನಯನದ ಅಧ್ಯಯನ ಮಾಡಿ, ಅಲ್ಲಿ ಒಟ್ಟು ಸಿಗುವ ನೀರು 9.55 ಟಿಎಂಸಿ ಎಂದು ಅಂದಾಜಿಸಿತು. ಸ್ಥಳೀಯರ ಬಳಕೆ, ಬೇಸಾಯ, ಹೊಳೆಯ ಜೀವಜಾಲಕ್ಕೆ ಬೇಕಾದದ್ದನ್ನು ಬಿಟ್ಟರೆ ಹೊರಗೆ ಒಯ್ಯಲು ಉಳಿಯುವುದು ಒಂದು ಟಿಎಂಸಿಗಿಂತಲೂ ಕಡಿಮೆ ಎಂದಿತು. ಜಲ ನಿಗಮ ಇದನ್ನು ಒಪ್ಪುವುದಿಲ್ಲ. ಮಳೆ ಮತ್ತು ಹರಿವಿನ ತನ್ನ ಅಂಕಿಗಳಂತೆ 24.01 ಸಿಕ್ಕೇ ಸಿಗುತ್ತದೆ ಎನ್ನುತ್ತದೆ. ಎರಡು ಅಂದಾಜುಗಳ ನಡುವೆ ಇರುವುದು ಹತ್ತೋ ಇಪ್ಪತ್ತೋ ಪಾಲಿನ ವ್ಯತ್ಯಾಸವಲ್ಲ. ಒಂದು ಇನ್ನೊಂದರ ಎರಡೂವರೆ ಪಟ್ಟು.

ಇಲ್ಲಿ ಕೇಳಬೇಕಾದ ಮತ್ತೊಂದು ಪ್ರಶ್ನೆ ಇದೆ. ಹೊಳೆಯ ನೀರಿನ ಲೆಕ್ಕವನ್ನು ಎಂಜಿನಿಯರುಗಳು ‘ಇಷ್ಟು ವರ್ಷಗಳಲ್ಲಿ ಎಷ್ಟು ವರ್ಷ ಈ ಪ್ರಮಾಣ ಸಿಗುತ್ತದೆ’ ಎಂಬ ನೆಲೆಯಲ್ಲಿ ಹೇಳುತ್ತಾರೆ. ನೂರರಲ್ಲಿ 75 ವರ್ಷ ಸಿಕ್ಕರೆ ನೀರಾವರಿಗೆ ಸಾಕು. ಮಳೆ ಕೈಕೊಟ್ಟ ವರ್ಷ ಒಂದು ಬೆಳೆ ಬಿಡಬಹುದು, ಕುಡಿಯುವುದನ್ನು ಬಿಡಲಾಗದು; ಹಾಗಾಗಿ ಕುಡಿಯುವ ನೀರಿಗೆ ಈ ಭರವಸೆ ನೂರಕ್ಕೆ ನೂರರ ಹತ್ತಿರ ಇರಬೇಕು ಎನ್ನುವುದು ರೂಢಿ. ಒಂದೇ ಹೊಳೆಗೆ ಮೊದಲನೇ ಲೆಕ್ಕದಲ್ಲಿ ದೊಡ್ಡ ಸಂಖ್ಯೆ ಬರುತ್ತದೆ, ಎರಡನೆಯದರಲ್ಲಿ ಚಿಕ್ಕದು. ವೇದಿಕೆಯ ಮೇಲಿಂದ ಟಿಎಂಸಿ ಹೇಳುವವರು ಇದನ್ನು ಸೇರಿಸಿ ಹೇಳುವುದಿಲ್ಲ.

ಪಂಪ್ ಚಾಲೂ ಆಗಿರುವುದರಿಂದ ಈ ವಾದ ಇನ್ನು ಅಂದಾಜುಗಳ ಮೇಲೆ ನಡೆಯಬೇಕಾಗಿಲ್ಲ. ಪ್ರತಿ ಮಳೆಗಾಲದಲ್ಲಿ ಎತ್ತಿದ ನೀರಿನ ಪ್ರಮಾಣ ದಿನಕ್ಕೆ ಇಷ್ಟು ಎಂದು ಅಳೆಯಬಹುದು, ಪ್ರಕಟಿಸಬಹುದು. ನಾಲ್ಕಾರು ಮಳೆಗಾಲದ ಅಳತೆ ಮುಂದಿದ್ದರೆ ಜಗಳದ ಅರ್ಧ ಅಲ್ಲೇ ಮುಗಿಯುತ್ತದೆ.

ಆನೆ, ಮೀನು, ಸಮುದ್ರ

ಎತ್ತಿನಹೊಳೆ ಗುಂಡ್ಯ ಹೊಳೆಗೆ, ಗುಂಡ್ಯ ಹೊಳೆ ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತವೆ. ಮಂಗಳೂರು ನಗರ ಕುಡಿಯುವುದು ತುಂಬೆಯ ಅಣೆಕಟ್ಟೆಯಲ್ಲಿ ನಿಂತ ನೇತ್ರಾವತಿಯನ್ನು. ಅಲ್ಲಿಯೂ ಬೇಸಿಗೆಯಲ್ಲಿ ನೀರನ್ನು ಸರದಿಯಂತೆ ಬಿಡುವ ವರ್ಷಗಳಿವೆ. ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಊರಿನವರು ನಮಗೆ ನೀರು ಕೊಡಲು ಏಕೆ ಹಿಂದೆಮುಂದೆ ನೋಡುತ್ತಾರೆ ಎಂದು ಸಿಡಿಮಿಡಿಗೊಳ್ಳುವ ನಮ್ಮವರಿಗೆ ಈ ವಿಷಯ ಅಷ್ಟಾಗಿ ತಿಳಿದಿಲ್ಲ.

ಯೋಜನೆಯ ಪರ ಇರುವವರ ಉತ್ತರ ಹೀಗಿದೆ: ನಾವು ಎತ್ತುವುದು ಮಳೆಗಾಲದ ಪ್ರವಾಹವನ್ನು ಮಾತ್ರ, ಬೇಸಿಗೆಯ ಹರಿವನ್ನು ಮುಟ್ಟುವುದಿಲ್ಲ, ಹೇಗೂ ಸಮುದ್ರ ಸೇರಿ ವ್ಯರ್ಥವಾಗುವ ನೀರು. ಮೊದಲ ಮಾತಿನಲ್ಲಿ ಹುರುಳಿದೆ. ವ್ಯರ್ಥ ಎಂಬುದರ ಬಗ್ಗೆ ಮಾತ್ರ ನದಿಯನ್ನು ಅಭ್ಯಾಸ ಮಾಡಿದವರಿಗೆ ತಕರಾರಿದೆ. ಮಳೆಗಾಲದ ನೆರೆ ನೀರು ಮರಳನ್ನೂ ಗೋಡನ್ನೂ ಹೊತ್ತು ತರುತ್ತದೆ, ಅಳಿವೆಯ ಉಪ್ಪನ್ನು ಹಿಂದೆ ತಳ್ಳುತ್ತದೆ, ಮೀನುಗಳು ಮೊಟ್ಟೆಯಿಡಲು ಮೇಲಕ್ಕೆ ಈಜುವುದೂ ಆ ಕಾಲದಲ್ಲೇ. ನದಿ ನದಿಯಾಗಿ ಉಳಿಯಲು ಬಿಡಲೇಬೇಕಾದ ಕನಿಷ್ಠ ನೀರಿಗೆ ಪರಿಸರ ಹರಿವು ಎಂದು ಹೆಸರು. ಅದು ಎಷ್ಟಿರಬೇಕು ಎಂಬುದೂ ಮೇಲಿನ ತಾರಸಿಯ ಲೆಕ್ಕವನ್ನೇ ಅವಲಂಬಿಸಿದೆ. ನೀರು ನಿಜಕ್ಕೂ 24 ಟಿಎಂಸಿಗಿಂತ ಹೆಚ್ಚಿದ್ದರೆ ಬಿಡಲು ಉಳಿಯುತ್ತದೆ. ಹತ್ತೇ ಇದ್ದರೆ ಪಂಪ್ ಮತ್ತು ಹೊಳೆ ಒಂದೇ ನೀರಿಗೆ ಪೈಪೋಟಿ ಮಾಡಬೇಕಾಗುತ್ತದೆ.

ಇನ್ನು ಆನೆ. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಆನೆ–ಮನುಷ್ಯ ಸಂಘರ್ಷ ಯೋಜನೆಗಿಂತ ಹಳೆಯದು. ಕಾಫಿ ತೋಟದ ಕೂಲಿಗಳು, ರೈತರು ಸತ್ತಿದ್ದಾರೆ. ಆನೆಗಳನ್ನು ಹಿಡಿದು ಸಾಗಿಸಿದ್ದೂ ಆಗಿದೆ. ಹೈಕೋರ್ಟ್ ಸೂಚನೆಯಂತೆ ರಚನೆಯಾಗಿದ್ದ ಆನೆ ಕಾರ್ಯಪಡೆ 2012ರ ತನ್ನ ವರದಿಯಲ್ಲಿ ಈ ಭಾಗದ ಬಗ್ಗೆ ಪ್ರತ್ಯೇಕವಾಗಿಯೇ ಹೇಳಿತ್ತು. ಆದ್ದರಿಂದ ಎಲ್ಲ ಹೊಣೆಯನ್ನೂ ಪೈಪುಗಳ ತಲೆಗೆ ಕಟ್ಟುವುದು ಸರಿಯಲ್ಲ. ಹಾಗೆಂದು ಪೈಪು ನಿರಪಾಯ ಎನ್ನಲೂ ಬರುವುದಿಲ್ಲ. ಆನೆ ತಲೆಮಾರುಗಳಿಂದ ನಡೆದ ದಾರಿಯಲ್ಲೇ ನಡೆಯುತ್ತದೆ. ಮಣ್ಣು ಅಗೆದು ಗುಡ್ಡ ಕಡಿದು ರಸ್ತೆ, ಕೊಳವೆ, ಪಂಪ್‌ಹೌಸ್ ಬಂದ ಕಡೆ ಅದು ದಾರಿ ಬದಲಿಸಿ ತೋಟಕ್ಕೋ ಊರಿಗೋ ನುಗ್ಗುತ್ತದೆ.

ಅನುಮತಿ ಬೇಕಾದದ್ದಕ್ಕೆ, ಬೇಡವಾದದ್ದಕ್ಕೆ

ಇಷ್ಟು ದೊಡ್ಡ ಯೋಜನೆಗೆ ಪರಿಸರ ಪರಿಣಾಮದ ಪೂರ್ಣ ಪರಿಶೀಲನೆ ಏಕೆ ಆಗಲಿಲ್ಲ ಎಂದು ಹಲವರು ಕೇಳುತ್ತಾರೆ. ಇದಕ್ಕೆ ಉತ್ತರ ಮೂರು ಕಾಯ್ದೆಗಳ ನಡುವೆ ಇದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಎರಡು ಬಗೆಯ ರಕ್ಷಣೆ. ಪಟ್ಟಿಯಲ್ಲಿರುವ ಪ್ರಾಣಿಯನ್ನು ಎಲ್ಲಿಯೂ ಕೊಲ್ಲುವಂತಿಲ್ಲ. ಆದರೆ ಜಾಗಕ್ಕೆ ಬಿಗಿ ರಕ್ಷಣೆ ಸಿಗುವುದು ಅದನ್ನು ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದ್ದರೆ. ಆನೆ ಓಡಾಡುವ ನೆಲದ ಬಹುಭಾಗ ಹಾಗೆ ಘೋಷಿತವಾಗಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಒಪ್ಪಿಗೆ ಬೇಕು. ಯೋಜನೆಗೆ ಮೊದಲು ಕೇಳಿದ್ದು 13.93 ಹೆಕ್ಟೇರ್. ಆಮೇಲೆ ಕಾಲುವೆಗಾಗಿ ಹಾಸನ, ತುಮಕೂರು ಜಿಲ್ಲೆಗಳಲ್ಲಿ ಇನ್ನೂ ಹೆಚ್ಚು ಅರಣ್ಯ ಭೂಮಿ ಬೇಕಾಯಿತು. ಒಪ್ಪಿಗೆ ಸಿಗುವ ಮುಂಚೆಯೇ ಕೆಲಸ ನಡೆದಿದೆ ಎಂಬ ಆಕ್ಷೇಪ ಎದ್ದಿತು. ಕೇಂದ್ರ ಮತ್ತು ರಾಜ್ಯದ ನಡುವಿನ ಜಟಾಪಟಿ ಮುಖ್ಯವಾಗಿ ಈ ಎರಡನೇ ಕಾಯ್ದೆಯ ಅಡಿಯಲ್ಲಿ ನಡೆದಿದೆ.

ಮೂರನೆಯದು 1986ರ ಪರಿಸರ ಸಂರಕ್ಷಣಾ ಕಾಯ್ದೆ. ಅದರಡಿ 2006ರಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಯಾವ ಯೋಜನೆಗಳಿಗೆ ಪರಿಣಾಮ ಅಧ್ಯಯನ, ಸಾರ್ವಜನಿಕ ಅಹವಾಲು ಕಡ್ಡಾಯ ಎಂಬ ಪಟ್ಟಿ ಇದೆ. ಒಂದು ಮಿತಿ ದಾಟಿದ ಜಲವಿದ್ಯುತ್ ಯೋಜನೆ ಆ ಪಟ್ಟಿಯಲ್ಲಿದೆ, ನೀರಾವರಿ ಯೋಜನೆಯೂ ಇದೆ. ಕುಡಿಯುವ ನೀರಿನ ಯೋಜನೆ ಇಲ್ಲ. ಎತ್ತಿನಹೊಳೆ ಕಾಗದದ ಮೇಲೆ ಕುಡಿಯುವ ನೀರಿನ ಯೋಜನೆ. ಸುಮಾರು 10 ಟಿಎಂಸಿ ನೀರನ್ನು ಕೆರೆಗೆ ತುಂಬಿಸುವುದು ಕುಡಿಯುವ ಉದ್ದೇಶವೋ ನೀರಾವರಿಯೋ ಎಂದು ವಿರೋಧಿಗಳು ಕೇಳಿದರು. ಅಂತರ್ಜಲ ಏರಿದರೆ ಅದೂ ಕುಡಿಯುವ ನೀರೇ ಎಂದು ಸರ್ಕಾರ ಹೇಳಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ವ್ಯಾಜ್ಯ ಹೋಯಿತು, ಯೋಜನೆಯನ್ನು ಕೈಬಿಡಬೇಕೆಂಬ ಆದೇಶ ಬರಲಿಲ್ಲ. ತಾರಸಿಯ ಲೆಕ್ಕವನ್ನು ಊರವರ ಮುಂದೆ ಇಟ್ಟು ಪ್ರಶ್ನೋತ್ತರ ನಡೆಸುವ ಅವಕಾಶ ತಪ್ಪಿದ್ದು ಹೀಗೆ.

ಪಶ್ಚಿಮ ಘಟ್ಟದ ವರದಿಗಳ ಮಾತೂ ಇಲ್ಲೇ ಬರುತ್ತದೆ. ಘಟ್ಟವನ್ನು ಹೇಗೆ ಕಾಪಾಡಬೇಕು ಎಂದು ಹೇಳಲು ಕೇಂದ್ರ ನೇಮಿಸಿದ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ಕೊಟ್ಟವು. ಎರಡನೆಯದನ್ನು ಆಧರಿಸಿ ಕೇಂದ್ರ ಮತ್ತೆ ಮತ್ತೆ ಕರಡು ಅಧಿಸೂಚನೆ ಹೊರಡಿಸಿತು. ಆರನೆಯದು ಬಂದದ್ದು 2024ರ ಜುಲೈ ಕೊನೆಯಲ್ಲಿ, ವಯನಾಡಿನ ಭೂಕುಸಿತದ ಬೆನ್ನಿಗೆ. ಕರ್ನಾಟಕದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ, ಅಂದರೆ ಗಣಿ, ಕ್ವಾರಿಯಂಥ ಕೆಲಸಗಳಿಗೆ ನಿರ್ಬಂಧವಿರುವ ನೆಲ, ಆಗಬೇಕು ಎನ್ನುತ್ತದೆ ಅದು. ರಾಜ್ಯ ಸಚಿವ ಸಂಪುಟ ಅದೇ ಸೆಪ್ಟೆಂಬರಿನಲ್ಲಿ ತಿರಸ್ಕರಿಸಿತು. ಹಿಂದಿನ ಸರ್ಕಾರಗಳ ನಿಲುವೂ ಬೇರೆಯಾಗಿರಲಿಲ್ಲ.

ಘಟ್ಟ ಇಳಿದರೆ ಬದಲಾಗುವ ನಿಲುವು

ಯೋಜನೆಗೆ 2012ರಲ್ಲಿ ಒಪ್ಪಿಗೆ ಕೊಟ್ಟದ್ದು ಬಿಜೆಪಿ ಸರ್ಕಾರ. 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಮಾಡಿದ್ದು ಕಾಂಗ್ರೆಸ್ ಸರ್ಕಾರ. ಇದಕ್ಕಾಗಿ ಪಟ್ಟು ಹಿಡಿದವರಲ್ಲಿ ಪ್ರಮುಖರಾದ ಅಂದಿನ ಸಂಸದ ವೀರಪ್ಪ ಮೊಯಿಲಿ ಕರಾವಳಿಯವರು! ಮಂಗಳೂರಿನಲ್ಲಿ ಎರಡೂ ಪಕ್ಷಗಳ ನಾಯಕರು ವಿರೋಧಿಸಿದ್ದಾರೆ, ಚಿಕ್ಕಬಳ್ಳಾಪುರದಲ್ಲಿ ಎರಡೂ ಪಕ್ಷಗಳ ನಾಯಕರು ಶ್ರೇಯಸ್ಸಿಗೆ ಕಿತ್ತಾಡಿದ್ದಾರೆ. ಆದ್ದರಿಂದ ಇದನ್ನು ಪಕ್ಷಗಳ ಜಗಳ ಎಂದು ನೋಡಿದರೆ ಏನೂ ಅರ್ಥವಾಗದು, ಮತಗಟ್ಟೆಯ ಮೇಲೆ ನಿಲುವು ನಿಂತಿದೆ. ಇತ್ತ ನಮ್ಮಲ್ಲೇ 2016ರಲ್ಲಿ ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟ ನೀರಾವರಿ ಹೋರಾಟಗಾರರು ಎತ್ತಿನಹೊಳೆಯ ನೀರು ಸಾಲದು, ಬೇರೆ ಶಾಶ್ವತ ಮೂಲ ಬೇಕು ಎಂದು ಹೇಳುತ್ತಲೇ ಬಂದಿದ್ದಾರೆ.

ಹವಾಮಾನ ನೀತಿಗೂ ಇದಕ್ಕೂ ಎಲ್ಲಿಯ ನಂಟು

24.01 ಟಿಎಂಸಿಯನ್ನು 139 ದಿನಗಳಲ್ಲಿ ಎತ್ತಬೇಕಾದರೆ ದಿನವೂ ಸರಾಸರಿ ಸೆಕೆಂಡಿಗೆ ಎರಡು ಸಾವಿರ ಘನ ಅಡಿ ನೀರು ಸಿಗುತ್ತಿರಬೇಕು. ಮಳೆ ಹದವಾಗಿ ಹಂಚಿ ಬಿದ್ದರೆ ಇದು ಸುಲಭ. ವಾರಗಟ್ಟಲೆ ಬಿಡುವು ಕೊಟ್ಟು ಮೂರು ದಿನದಲ್ಲಿ ಸುರಿದು ಹೋದರೆ ಬಿಡುವಿನ ದಿನ ಪಂಪ್ ಸುಮ್ಮನೆ ನಿಲ್ಲುತ್ತದೆ. ಸುರಿದ ದಿನ ಪಂಪಿನ ಶಕ್ತಿ ಮೀರಿದ ನೀರು ಗೋಡೆ ದಾಟಿ ಇಳಿದುಹೋಗುತ್ತದೆ. ವರ್ಷದ ಒಟ್ಟು ಮಳೆ ಒಂದೇ ಆದರೂ ಕಾಲುವೆಗೆ ಬರುವುದು ಕಡಿಮೆ. ಭೂಮಿ ಬಿಸಿಯಾದಂತೆ ಮಳೆ ಹೀಗೆ ಮುದ್ದೆಯಾಗಿ ಬೀಳುವುದು ಹೆಚ್ಚುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. 2018ರಲ್ಲೂ 2024ರಲ್ಲೂ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದನ್ನು ನೆನೆಯಬಹುದು.

ಬರವೂ ಹಂಚಿಕೊಂಡೇ ಬರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು, ಮಲೆನಾಡನ್ನೂ ಬಿಡಲಿಲ್ಲ. ನಮಗೆ ನೀರು ಅತ್ಯಂತ ಬೇಕಾದ ವರ್ಷವೇ ಎತ್ತಿನಹೊಳೆಯೂ ಬಡವಾಗಬಹುದು. ಆ ಬರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ ಕೇಂದ್ರ ಬಿಡುಗಡೆ ಮಾಡಿದ್ದು 3,454 ಕೋಟಿ. ಹವಾಮಾನ ನೀತಿ ಎಂದರೆ ದೂರದ ಜಾಗತಿಕ ಸಮ್ಮೇಳನ ಎಂದುಕೊಂಡವರಿಗೆ ಅದರ ಊರೊಳಗಿನ ಮುಖ ಇದು: ಬೆಳೆ ಹೋದಾಗ ಯಾರು, ಎಷ್ಟು, ಯಾವಾಗ ಕೊಡುತ್ತಾರೆ.

ಇನ್ನೊಂದು ಕೊಂಡಿ ವಿದ್ಯುತ್ತಿನದು. ನೀರೆತ್ತಲು ಸುಮಾರು 275 ಮೆಗಾವಾಟ್ ವಿದ್ಯುತ್ ಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲೇ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಮಳೆ ನಂಬಿ ಸೋತ ರೈತರು ಭೂಮಿಯನ್ನು ಗುತ್ತಿಗೆಗೆ ಕೊಟ್ಟು ವರ್ಷಕ್ಕೆ ಬಾಡಿಗೆ ಪಡೆಯುತ್ತಾರೆ. ಆದರೆ ಪಂಪ್ ಓಡಬೇಕಾದದ್ದು ಮೋಡ ಕವಿದ ಮಳೆಗಾಲದಲ್ಲಿ, ಹಗಲೂ ರಾತ್ರಿ. ಸೌರಶಕ್ತಿಯೊಂದನ್ನೇ ನೆಚ್ಚಿಕೊಳ್ಳಲಾಗದು.

ಒಣ ನೆಲವೆಂದರೆ ಖಾಲಿ ನೆಲವೂ ಅಲ್ಲ. ಮಧುಗಿರಿ ತಾಲ್ಲೂಕಿನ ಜಯಮಂಗಲಿಯಲ್ಲಿ ಕೃಷ್ಣಮೃಗಗಳಿಗೂ ಶಿರಾ ಸೀಮೆಯ ಬುಕ್ಕಾಪಟ್ಟಣದಲ್ಲಿ ಚಿಂಕಾರಗಳಿಗೂ ಸಂರಕ್ಷಿತ ನೆಲವಿದೆ. ವನ್ಯಜೀವಿ ಎಂದೊಡನೆ ಮಲೆನಾಡನ್ನಷ್ಟೇ ನೆನೆಯುವ ಚರ್ಚೆಯಲ್ಲಿ ಇವು ಯಾರ ಬಾಯಲ್ಲೂ ಬರುವುದಿಲ್ಲ.

ಬೆಂಗಳೂರು ಬಳಸಿ ಬಿಟ್ಟ ನೀರು

ಎತ್ತಿನಹೊಳೆಗೆ ಕಾಯುತ್ತಿರುವಾಗಲೇ ಕೋಲಾರಕ್ಕೆ ಬೇರೆ ನೀರು ಬಂದಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ತ್ಯಾಜ್ಯ ನೀರನ್ನು ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಆರಂಭವಾಯಿತು. ಚಿಕ್ಕಬಳ್ಳಾಪುರದ ಕಡೆಗೆ ಇದೇ ರೀತಿ ಹೆಬ್ಬಾಳ–ನಾಗವಾರ ಕಣಿವೆಯ ನೀರು. 44 ಕೋಟಿ ಲೀಟರ್ ವರ್ಷಪೂರ್ತಿ ಬಂದರೆ ಐದೂವರೆ ಟಿಎಂಸಿ ದಾಟುತ್ತದೆ. ಮಳೆ ಬಂದರೂ ಬಾರದಿದ್ದರೂ ಬೆಂಗಳೂರು ಸ್ನಾನ ಮಾಡುತ್ತದೆಯಾದ್ದರಿಂದ ಈ ಮೂಲಕ್ಕೆ ಬರದ ಭಯ ಕಡಿಮೆ.

ಭಯ ಇರುವುದು ಗುಣಮಟ್ಟದ ಬಗ್ಗೆ. ಶುರುವಾದ ಕೆಲವೇ ವಾರಗಳಲ್ಲಿ ಕೆರೆಯಲ್ಲಿ ನೊರೆ ಕಾಣಿಸಿತು. ವ್ಯಾಜ್ಯ ಹೈಕೋರ್ಟ್, ಸುಪ್ರೀಂ ಕೋರ್ಟ್ ಏರಿ, ನೀರು ಕೆಲಕಾಲ ನಿಂತು ಮತ್ತೆ ಹರಿಯಿತು. ತಕರಾರಿನ ಮೂಲ ಸಂಸ್ಕರಣೆಯ ಹಂತ. ಮೊದಲ ಹಂತದಲ್ಲಿ ಕಸ, ಕೆಸರು ತೆಗೆಯುತ್ತಾರೆ. ಎರಡನೇ ಹಂತದಲ್ಲಿ ಸೂಕ್ಷ್ಮಾಣುಗಳು ಕೊಳಕನ್ನು ತಿನ್ನುತ್ತವೆ. ಮೂರನೇ ಹಂತದಲ್ಲಿ ಸಾರಜನಕ, ರಂಜಕ, ರೋಗಾಣುಗಳನ್ನು ಇನ್ನಷ್ಟು ಸೋಸುತ್ತಾರೆ. ಕೋಲಾರಕ್ಕೆ ಹರಿಸಿದ್ದು ಎರಡನೇ ಹಂತದ ನೀರು. ಮೂರನೆಯದೂ ಬೇಕು ಎಂಬುದು ಇಲ್ಲಿನವರ ಬೇಡಿಕೆ. ಕೆರೆ ಸುತ್ತಲಿನ ಬತ್ತಿದ ಕೊಳವೆಬಾವಿಗಳಿಗೆ ಜೀವ ಬಂದದ್ದು ನಿಜ. ಇಂಗಿದ ನೀರನ್ನು ಜನ ಕುಡಿಯಲೂ ಎತ್ತುತ್ತಾರೆ ಎಂಬುದೂ ನಿಜ.

ಇನ್ನೂ ಬಿಚ್ಚದ ಗಂಟುಗಳು

139 ದಿನದಲ್ಲಿ ಬಂದ ನೀರನ್ನು 365 ದಿನ ಕುಡಿಯಬೇಕಾದರೆ ನಡುವೆ ಎಲ್ಲೋ ಸಂಗ್ರಹಿಸಬೇಕು. ಅದಕ್ಕಾಗಿ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನಲ್ಲಿ 5.78 ಟಿಎಂಸಿ ಜಲಾಶಯ ಕಟ್ಟುವ ಯೋಜನೆ ಇತ್ತು. ಮುಳುಗುವ ಹಳ್ಳಿಗಳು ಕೊರಟಗೆರೆಯಲ್ಲೂ ಪಕ್ಕದ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೂ ಇದ್ದವು. ಬೆಂಗಳೂರಿನ ಅಂಚಿಗಿರುವ ದೊಡ್ಡಬಳ್ಳಾಪುರದಲ್ಲಿ ಎಕರೆಗೆ ಒಂದು ದರ, ಕೊರಟಗೆರೆಯಲ್ಲಿ ಇನ್ನೊಂದು. ಒಂದೇ ಜಲಾಶಯದಲ್ಲಿ ಮುಳುಗುವವರಿಗೆ ಎರಡು ಬೆಲೆ ಏಕೆ ಎಂದು ರೈತರು ಕೂತುಬಿಟ್ಟರು. ಅಲ್ಲಿಂದ ಜಲಾಶಯವನ್ನು ಚಿಕ್ಕದು ಮಾಡುವ ಮಾತು ಬಂತು. ಜಲಾಶಯ ಚಿಕ್ಕದಾದಷ್ಟೂ ನೀರು ಕಾಯ್ದಿಡುವ ಕೆಲಸ 527 ಕೆರೆಗಳ ಮೇಲೆ ಬೀಳುತ್ತದೆ. ಅವುಗಳ ಹೂಳು, ತೂಬು, ರಾಜಕಾಲುವೆ ಸರಿಯಾಗಿಲ್ಲದಿದ್ದರೆ ಮಳೆಗಾಲದಲ್ಲಿ ಬಂದ ನೀರು ಬೇಸಿಗೆಯವರೆಗೆ ನಿಲ್ಲುವುದು ಕಷ್ಟ.

ಕೊನೆಯದಾಗಿ ಹಂಚಿಕೆ. ಕಾಲುವೆ ಹಾಸನದಿಂದ ಹೊರಟು ಚಿಕ್ಕಮಗಳೂರು, ತುಮಕೂರು ಜಿಲ್ಲೆಗಳ ಊರುಗಳಿಗೆ ಕೊಡುತ್ತ ಬಂದು, ಚಿಕ್ಕಬಳ್ಳಾಪುರ, ಕೋಲಾರಗಳನ್ನು ತುದಿಯಲ್ಲಿ ಮುಟ್ಟುತ್ತದೆ. 24 ಟಿಎಂಸಿ ಪೂರ್ತಿ ಬಂದರೆ ತುದಿಯವರಿಗೂ ಪಾಲಿದೆ. ಕಡಿಮೆ ಬಂದರೆ ಕೊರತೆಯನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುವುದೋ, ಮೇಲಿನವರು ತುಂಬಿಕೊಂಡ ಮೇಲೆ ಉಳಿದದ್ದು ಕೆಳಗೆ ಬರುವುದೋ ಎಂಬುದನ್ನು ಮೊದಲೇ ನಿಯಮವಾಗಿ ಬರೆದಿಡಬೇಕು. ಯಾವ ಕಾಲುವೆಯ ಕೊನೆಯಲ್ಲಿ ಗದ್ದೆ ಇದ್ದವರನ್ನು ಕೇಳಿದರೂ, ಬರೆದಿಡದ ಕಡೆ ಏನಾಗುತ್ತದೆ ಎಂದು ಹೇಳುತ್ತಾರೆ. ಯೋಜನೆ ಮುಗಿಸಲು ಸರ್ಕಾರ ತನಗೆ ತಾನೇ ಹಾಕಿಕೊಂಡಿರುವ ಗಡುವು 2027ರ ಮಾರ್ಚ್.